ಪಠ್ಯೇತರ ಚಟುವಟಿಕೆಗಳ ಆಯ್ಕೆ: ಪೆರ್ಲ ಕಡೆಯ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಕಾಸರಗೋಡು ಜಿಲ್ಲೆಯ ಮೂಡಣ ಗುಡ್ಡಗಳ ನಡುವೆ, ಪೆರ್ಲದಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಒಳಭಾಗದಲ್ಲಿರುವ ಅಡಿಕೆ ತೋಟದ ಮನೆಯೊಂದರ ಹುಡುಗಿಯ ಪ್ರಕರಣವಿದು. ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರನ್ನು ಬಿಟ್ಟು, ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಆಕೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಫುಲ್ ಎ ಪ್ಲಸ್ ಪಡೆದು, ಗಣಿತ ಮತ್ತು ಜೀವಶಾಸ್ತ್ರ ಎರಡೂ ಇರುವ ವಿಜ್ಞಾನ ವಿಭಾಗದಲ್ಲಿ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಸೇರಿದ್ದಳು. ತಂದೆಗೆ ಕೃಷಿ, ತಾಯಿಗೆ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಅಜ್ಜ ಇದ್ದಾರೆ, ಚಿಕ್ಕಪ್ಪ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ಭೌತಶಾಸ್ತ್ರ ಕಲಿಸುವುದರ ಜೊತೆಗೆ ಶಾಲೆಯ ಕರಿಯರ್ ಗೈಡೆನ್ಸ್ ಘಟಕದ ಹೊಣೆಯೂ ನನ್ನದಾದ್ದರಿಂದ, ತಂದೆ ಮಗಳು ಇಬ್ಬರೂ ಜೂನ್ ಕೊನೆಯಲ್ಲಿ ನನ್ನನ್ನು ಕಾಣಲು ಬಂದರು.

ಅವರ ಕೈಯಲ್ಲೊಂದು ಹಾಳೆ ಇತ್ತು. ಮಂಗಳೂರಿನಲ್ಲಿ ವಾರಾಂತ್ಯದ ರೊಬೊಟಿಕ್ಸ್ ಕೋರ್ಸ್, ಆನ್‌ಲೈನ್ ಕೋಡಿಂಗ್ ತರಗತಿ, ಖಾಸಗಿ ಸಂಸ್ಥೆಯೊಂದರ ‘ಅಂತಾರಾಷ್ಟ್ರೀಯ ಒಲಿಂಪಿಯಾಡ್’, ಚೆಸ್, ಯಕ್ಷಗಾನ, ಎನ್ನೆಸ್ಸೆಸ್, ಕೇರಳದ ಶಾಲಾ ಕಲೋತ್ಸವದ ಕನ್ನಡ ಭಾಷಣ ಸ್ಪರ್ಧೆ, ಶಾಲಾ ಶಾಸ್ತ್ರೋತ್ಸವದ ವಿಜ್ಞಾನ ಮೇಳ, ಮತ್ತು ಚಿಕ್ಕಪ್ಪ ಸೂಚಿಸಿದ, ಶುಲ್ಕ ಪಡೆದು ಮೂರು ತಿಂಗಳಲ್ಲಿ ಸಂಶೋಧನಾ ಪ್ರಬಂಧ ಪ್ರಕಟಿಸಿಕೊಡುವ ಕಾರ್ಯಕ್ರಮ. ತಂದೆಯ ಪ್ರಶ್ನೆ ನೇರವಾಗಿತ್ತು: “ಮಾಷ್ಟ್ರೇ, ಇದರಲ್ಲಿ ಯಾವುದು ಸೀಟಿಗೆ ಉಪಕಾರಕ್ಕೆ ಬರುತ್ತದೆಂದು ಹೇಳಿ. ಉಳಿದದ್ದನ್ನು ಬಿಡಿಸುತ್ತೇನೆ.”

ಯಾವ ಸೀಟಿಗೆ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕಾಲೇಜು ಏನನ್ನು ಓದುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಈ ವಿಂಗಡಣೆ ನಡೆಯುವುದೇ ಇಲ್ಲ. ಅಮೆರಿಕದ ಕಾಲೇಜುಗಳಿಗೆಂದು ಬರೆದ ಸಲಹೆಯನ್ನು ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಇಲ್ಲಿಯ ಎಂಜಿನಿಯರಿಂಗ್ ಪ್ರವೇಶಕ್ಕೂ ಅದೇ ಅನ್ವಯಿಸುತ್ತದೆಂದು ನಂಬಿ ಮಕ್ಕಳ ಶನಿವಾರ ಭಾನುವಾರಗಳನ್ನು ತುಂಬಿಸಲಾಗುತ್ತದೆ.

ಕೇರಳದ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೀಮ್ ರ್‍ಯಾಂಕ್ ಬೇಕು, ಅದು ಪ್ರವೇಶ ಪರೀಕ್ಷೆಯ ಅಂಕ ಮತ್ತು ಪ್ಲಸ್ ಟುವಿನ ಸಂಬಂಧಿತ ವಿಷಯಗಳ ಅಂಕಗಳನ್ನು ಸಮಪಾಲಿನಲ್ಲಿ ಸೇರಿಸಿ ಸಿದ್ಧವಾಗುತ್ತದೆ. ಕರ್ನಾಟಕದ ಸಿಇಟಿಯಲ್ಲೂ ಎಂಜಿನಿಯರಿಂಗಿಗೆ ಇದೇ ಅರ್ಧ–ಅರ್ಧದ ಕ್ರಮ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ತಾಯ್ನುಡಿಯ ಮಕ್ಕಳು ಗಡಿನಾಡ ಕನ್ನಡಿಗರೆಂಬ ಅರ್ಹತೆಯಲ್ಲಿ ಸಿಇಟಿ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಇಲ್ಲಿ ಓದಿದ ವರ್ಷಗಳ ದಾಖಲೆ ಬೇಕು, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಈ ದಾಖಲೆಗಳನ್ನು ಪ್ಲಸ್ ವನ್‌ನಲ್ಲೇ ಹೊಂದಿಸಿಟ್ಟುಕೊಳ್ಳುವುದು ಯಾವ ರೊಬೊಟಿಕ್ಸ್ ಕೋರ್ಸಿಗಿಂತಲೂ ಹೆಚ್ಚು ಪ್ರಯೋಜನಕಾರಿ ಎಂದು ತಂದೆಗೆ ಹೇಳಿದೆ, ಅವರು ಅದನ್ನು ಆ ಹಾಳೆಯ ಹಿಂದೆ ಬರೆದುಕೊಂಡರು. ಎನ್‌ಐಟಿ, ಐಐಟಿಗಳಿಗೆ ಜೆಇಇ ರ್‍ಯಾಂಕೇ ಆಧಾರ. ಸಾಮಾನ್ಯ ವರ್ಗದವರಿಗೆ ಹನ್ನೆರಡನೆಯ ತರಗತಿಯಲ್ಲಿ ಶೇ. 75 ಅಥವಾ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗಿನ ಸ್ಥಾನ ಎಂಬುದು ಅರ್ಹತೆಯ ಗೆರೆ ಮಾತ್ರ. ಏಳು ಐಸರ್‌ಗಳಿಗೆ (ಕೇಂದ್ರ ಸರಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ) ಐಎಟಿ ಎಂಬ ಪರೀಕ್ಷೆ: ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರಗಳಿಂದ ತಲಾ 15ರಂತೆ 60 ಪ್ರಶ್ನೆ, ಮೂರು ಗಂಟೆ. ಇವುಗಳಲ್ಲಿ ಎಲ್ಲಿಯೂ ಆ ಹಾಳೆಯಲ್ಲಿದ್ದಂಥ ಕೋರ್ಸುಗಳ ಪ್ರಮಾಣಪತ್ರ ಲೆಕ್ಕಕ್ಕಿಲ್ಲ. ಹಿಂದೆ ಕೆವಿಪಿವೈ ಎಂಬ ಕೇಂದ್ರದ ವಿಜ್ಞಾನ ವಿದ್ಯಾರ್ಥಿವೇತನ ಇದ್ದಾಗ ಸಂದರ್ಶನದಲ್ಲಾದರೂ ಹುಡುಗರು ತಾವು ಮಾಡಿದ ಕೆಲಸದ ಬಗ್ಗೆ ಮಾತನಾಡುವ ಅವಕಾಶವಿತ್ತು. 2022ರಲ್ಲಿ ಅದು ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನವಾದ ಮೇಲೆ ಆ ದಾರಿಯೂ ಇಲ್ಲವಾಯಿತು.

ಅಪವಾದಗಳಿವೆ, ಆದರೆ ಅವು ತೀರ ಎತ್ತರದಲ್ಲಿವೆ. ಮದ್ರಾಸ್ ಐಐಟಿ 2024–25ರಿಂದ ರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳಿಗೆ ಪ್ರತ್ಯೇಕ ಸೀಟುಗಳನ್ನಿಟ್ಟಿದೆ, ಆದರೆ ಅವರೂ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹರಾಗಿರಬೇಕು. ಒಲಿಂಪಿಯಾಡ್ ಮೂಲಕ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕೆಲವು ಸಂಸ್ಥೆಗಳೂ ಇವೆ, ಆದರೆ ಅಲ್ಲಿ ಒಲಿಂಪಿಯಾಡ್ ಎಂದರೆ ಭೌತಶಾಸ್ತ್ರ ಅಧ್ಯಾಪಕರ ಸಂಘವಾದ ಐಎಪಿಟಿ ನವೆಂಬರಿನಲ್ಲಿ ನಡೆಸುವ ಪರೀಕ್ಷೆಯಿಂದ ಆರಂಭವಾಗಿ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ತರಬೇತಿ ಶಿಬಿರದವರೆಗೆ ಹೋಗುವ ಸರಣಿ, ಅಥವಾ ಗಣಿತದಲ್ಲಿ ಐಒಕ್ಯೂಎಂ ಎಂಬ ಮೊದಲ ಸುತ್ತಿನಿಂದ ರಾಷ್ಟ್ರೀಯ ಒಲಿಂಪಿಯಾಡಾದ ಐಎನ್‌ಎಂಒವರೆಗಿನ ಸರಣಿ. ಖಾಸಗಿ ಸಂಸ್ಥೆಗಳು ಶಾಲೆ ಶಾಲೆಗೆ ಬಂದು ಶುಲ್ಕ ವಸೂಲಿ ಮಾಡಿ, ತರಗತಿಗೊಂದರಂತೆ ಚಿನ್ನದ ಬಣ್ಣದ ಪದಕ ಹಂಚುವ ಪರೀಕ್ಷೆಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಚಟುವಟಿಕೆಗಳನ್ನು ನಿಜವಾಗಿ ಓದುವವರು ಎರಡು ಕಡೆ ಇದ್ದಾರೆ. ಒಂದು, ಪ್ರಬಂಧ ಅಥವಾ ಸಂದರ್ಶನ ಇರುವ ನಮ್ಮದೇ ದೇಶದ ಕೆಲವು ವಿಶ್ವವಿದ್ಯಾಲಯಗಳು: ಬೆಂಗಳೂರಿನ ಅಜೀಂ ಪ್ರೇಮ್‌ಜಿ, ಸೋನಿಪತ್‌ನ ಅಶೋಕ ಮುಂತಾದವು. ಇನ್ನೊಂದು, ಅಮೆರಿಕದ ಕಾಲೇಜುಗಳು. ಅಲ್ಲಿ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಬರೆಯಬೇಕು. ಎಂಐಟಿ ತನ್ನ ಪ್ರತ್ಯೇಕ ಅರ್ಜಿಯಲ್ಲಿ ನಾಲ್ಕನ್ನು ಮಾತ್ರ ಕೇಳುತ್ತದೆ. ಹೆಚ್ಚು ಬರೆದವರಿಗೆ ಹೆಚ್ಚು ಅಂಕ ಎಂಬ ನಂಬಿಕೆಗೆ ಈ ನಾಲ್ಕು ಎಂಬ ಸಂಖ್ಯೆಯೇ ಉತ್ತರವೆಂದು ನನಗನಿಸುತ್ತದೆ. ಚಿಕ್ಕಪ್ಪನ ಆಸೆಯನ್ನು ತಳ್ಳಿಹಾಕದೆ, ಎರಡು ವಿಷಯಗಳನ್ನು ಮನೆಯವರ ಮುಂದಿಟ್ಟೆ: ಅಂಥ ಕಾಲೇಜುಗಳ ವಾರ್ಷಿಕ ವೆಚ್ಚ 80,000 ಡಾಲರ್ ದಾಟುತ್ತದೆ, ವಿದೇಶಿ ಅರ್ಜಿದಾರರ ಹಣದ ಅಗತ್ಯವನ್ನು ಲೆಕ್ಕಿಸದೆ ಆಯ್ಕೆ ಮಾಡುವ ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ನಂಥ ಸಂಸ್ಥೆಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ವಿದೇಶಿಯರಿಗೆ ಸಿಗುವ ಪ್ರವೇಶ ನೂರಕ್ಕೆ ಕೆಲವರಿಗೆ ಮಾತ್ರ.

ಬಿಟ್ಟದ್ದು

ಇಷ್ಟು ತಿಳಿದ ಮೇಲೆ ಹಾಳೆಯ ಅರ್ಧ ತಾನಾಗಿ ಖಾಲಿಯಾಯಿತು. ಮಂಗಳೂರಿನ ಕೋರ್ಸ್ ಎಂದರೆ ಬಸ್ಸು ಮತ್ತು ರೈಲು ಸೇರಿ ಇಡೀ ಶನಿವಾರ. ಅಲ್ಲಿ ಕಲಿಸುತ್ತಿದ್ದುದು ಕಿಟ್ಟಿನೊಂದಿಗೆ ಬಂದ ಪ್ರೋಗ್ರಾಮನ್ನು ತುಂಬಿಸಿ ಕಪ್ಪು ಗೆರೆಯ ಮೇಲೆ ಗಾಡಿ ಓಡಿಸುವುದನ್ನು. ಅದನ್ನು ಆಕೆ ಹೈಸ್ಕೂಲಿನಲ್ಲೇ ಮುಗಿಸಿದ್ದಳು, ಏಕೆಂದರೆ ಎಂಟನೆಯ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ಬರೆದು ಲಿಟಲ್ ಕೈಟ್ಸ್ ಸೇರಿದ್ದ ಹುಡುಗಿ ಅವಳು. ಕೇರಳದ ಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಈ ಐಟಿ ಕ್ಲಬ್ಬುಗಳಲ್ಲಿ ಸ್ಕ್ರಾಚ್, ಆ್ಯನಿಮೇಷನ್, ಆರ್ಡುಯಿನೊ ಇವೆಲ್ಲ ಉಚಿತವಾಗಿ ಸಿಗುತ್ತವೆ. ಅದನ್ನು ಕಲಿತವಳು ಹಣ ಕೊಟ್ಟು ಮತ್ತೆ ಅದನ್ನೇ ಕಲಿಯುವುದರಲ್ಲಿ ಅರ್ಥವಿರಲಿಲ್ಲ. ಕೋಡಿಂಗ್ ತರಗತಿಯೂ ಇದೇ ಕಾರಣಕ್ಕೆ ಹೋಯಿತು. ಭಾಷಣ ಸ್ಪರ್ಧೆಯನ್ನು ಆಕೆಯೇ ಹೊಡೆದು ಹಾಕಿದಳು. ಚೆಸ್ಸನ್ನು ಮನೆಯಲ್ಲಿ ತಮ್ಮನೊಂದಿಗೆ ಆಡಿದರೆ ಸಾಕು.

ಪ್ರಬಂಧ ಪ್ರಕಟಿಸಿಕೊಡುವ ಕಾರ್ಯಕ್ರಮದ ಬಗ್ಗೆ ಹೆಚ್ಚು ಚರ್ಚೆಯಾಯಿತು, ಏಕೆಂದರೆ ಚಿಕ್ಕಪ್ಪ ಅದರ ಹಣ ಕಟ್ಟಲು ಸಿದ್ಧರಿದ್ದರು. ವಿಷಯವನ್ನು ಅವರೇ ಕೊಡುತ್ತಾರೆ, ದತ್ತಾಂಶವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಲಾಗುತ್ತದೆ, ಮಾರ್ಗದರ್ಶಕರು ತಿದ್ದಿ ತಿದ್ದಿ ಕೊನೆಗೆ ಅವರದೇ ಬರಹವಾಗಿಬಿಡುತ್ತದೆ. ಹದಿನಾರರ ಹುಡುಗಿಯನ್ನು ಸಂದರ್ಶನದಲ್ಲಿ ಕೂರಿಸಿ “ಈ ಸಂಖ್ಯೆ ನಿನಗೆ ಹೇಗೆ ಸಿಕ್ಕಿತು?” ಎಂದು ಕೇಳಿದರೆ ಏನು ಹೇಳುತ್ತಾಳೆ ಎಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಕೇಳಿದೆ. ಅವರು ಒಪ್ಪಿದರು, ಸ್ವಲ್ಪ ಅಸಮಾಧಾನದಿಂದಲೇ.

ಸುರಂಗದ ನೀರು

ಉಳಿಸಿಕೊಳ್ಳಬೇಕಾದ ಮುಖ್ಯ ಕೆಲಸ ಆ ಹಾಳೆಯಲ್ಲಿ ಇರಲೇ ಇಲ್ಲ. ಶಾಸ್ತ್ರೋತ್ಸವಕ್ಕೆ ಯಾವ ವಿಷಯ ಎಂಬ ಮಾತು ಬಂದಾಗ, ಮನೆಗೆ ನೀರು ಎಲ್ಲಿಂದ ಎಂದು ಸುಮ್ಮನೆ ಕೇಳಿದ್ದೆ. ಸುರಂಗದಿಂದ ಎಂದಳು. ನಮ್ಮ ಬಾಯಾರು, ಎಣ್ಮಕಜೆ, ಬದಿಯಡ್ಕ ಕಡೆಗಳಲ್ಲಿ ಮುರಕಲ್ಲಿನ (ಲ್ಯಾಟರೈಟ್) ಗುಡ್ಡದೊಳಗೆ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದ ಇಂಥ ಸುರಂಗಗಳು ಹೇರಳವಾಗಿವೆ. ಮುರಕಲ್ಲಿನಲ್ಲಿ ಇಂಗಿದ ಮಳೆನೀರು ಅಡಿಯ ಶೇಡಿಮಣ್ಣಿನ (ನಯವಾದ ಜೇಡಿಮಣ್ಣಿನ) ಪದರದಲ್ಲಿ ತಡೆದು, ಇಳಿಜಾರಿನಲ್ಲಿ ಪಂಪಿಲ್ಲದೆ ಹೊರಗೆ ಹರಿದು ಬರುತ್ತದೆ. “ಎಷ್ಟು ನೀರು ಬರುತ್ತದೆ?” ಎಂದಾಗ ಆಕೆಗೆ ಗೊತ್ತಿರಲಿಲ್ಲ. “ಅಜ್ಜನಿಗೆ ಮಳೆಯ ಲೆಕ್ಕ ಗೊತ್ತು, ನೀರಿನದ್ದು ಗೊತ್ತಿಲ್ಲ” ಎಂದಳು.

ಆ ಉತ್ತರದ ಮೊದಲರ್ಧವೇ ಇಡೀ ಪ್ರಕರಣದ ತಿರುವು. ಅಡಿಕೆ ಬೆಳೆಗಾರರಲ್ಲಿ ಮಳೆಮಾಪಕ ಇಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನವನ್ನು ಮಳೆ ನೋಡಿಯೇ ನಿರ್ಧರಿಸಬೇಕಾದವರಿಗೆ ಅದು ಶೋಕಿಯಲ್ಲ. ಈ ಅಜ್ಜ ಬೆಳಗ್ಗೆ ಎಂಟೂವರೆಗೆ ಅಳೆದು 22 ವರ್ಷಗಳಿಂದ ಬರೆದಿಟ್ಟಿದ್ದರು, ಮೊದಲ ಕೆಲವು ವರ್ಷ ಇಂಚಿನಲ್ಲಿ, ಆಮೇಲೆ ಮಿಲಿಮೀಟರಿನಲ್ಲಿ. ಯಾವ ಕೋರ್ಸೂ ಒದಗಿಸಲಾಗದ ದತ್ತಾಂಶ ಮನೆಯ ಕಪಾಟಿನಲ್ಲಿತ್ತು.

ಅಳತೆಯ ಕ್ರಮ ಸರಳವಾದದ್ದು. ಸುರಂಗದ ಬಾಯಿಯಿಂದ ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಬಂದು ಟಾಂಕಿಗೆ ಬೀಳುವ ನೀರಿಗೆ ಹತ್ತು ಲೀಟರಿನ ಬಾಲ್ದಿ ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡುವುದು. ಮೂರು ಸಲ ಅಳೆದು ಸರಾಸರಿ ಬರೆಯುವುದು. ಪ್ರತಿ ಶನಿವಾರ, ತನ್ನ ಮನೆಯದ್ದು ಮತ್ತು ನೆರೆಯ ಎರಡು ಮನೆಗಳದ್ದು. ಕೆಲವು ವಾರಗಳ ಬಳಿಕ ಆಕೆಗೆ ಬಾಲ್ದಿಯ ಮೇಲೇ ಸಂಶಯ ಬಂತು. ಅಡುಗೆಮನೆಯ ಲೀಟರು ಅಳತೆಯಿಂದ ನೀರು ಹೊಯ್ದು ನೋಡಿದರೆ, ಹತ್ತು ಲೀಟರೆಂದು ಅಚ್ಚಾಗಿದ್ದ ಬಾಲ್ದಿ ಕಂಠದವರೆಗೆ ಹನ್ನೊಂದೂಕಾಲು ಲೀಟರು ಹಿಡಿಯಿತು. ಹತ್ತು ಲೀಟರಿಗೆ ಸರಿಯಾಗಿ ಒಳಗೆ ಗೆರೆ ಎಳೆದು, ಹಿಂದಿನ ಎಲ್ಲ ಲೆಕ್ಕವನ್ನೂ ತಿದ್ದಿ, ತಿದ್ದಿದ ದಿನಾಂಕವನ್ನು ಪುಸ್ತಕದಂಚಿನಲ್ಲಿ ಬರೆದಳು. ನಾನು ನೋಡಿದ ಅನೇಕ ವಿಜ್ಞಾನ ಮೇಳದ ಮಾದರಿಗಳಲ್ಲಿ ಮಿನುಗುವ ದೀಪಗಳಿದ್ದವು, ಇಂಥ ತಿದ್ದುಪಡಿಯನ್ನು ಕಂಡದ್ದು ಅಪರೂಪ.

ಸೆಪ್ಟೆಂಬರಿನಲ್ಲಿ ಆಕೆಯ ಮನೆಯ ಸುರಂಗ ಹತ್ತು ಲೀಟರನ್ನು 26 ಸೆಕೆಂಡಿನಲ್ಲಿ ತುಂಬಿಸಿತು, ಎಂದರೆ ದಿನಕ್ಕೆ 33,000 ಲೀಟರಿನಷ್ಟು. ಏಪ್ರಿಲಿನಲ್ಲಿ ಅದೇ ಗೆರೆ ಮುಟ್ಟಲು ನಾಲ್ಕು ನಿಮಿಷ ಬೇಕಾಯಿತು, ದಿನಕ್ಕೆ 3,600 ಲೀಟರು. ಹರಿವಿನ ಗರಿಷ್ಠ ಮಟ್ಟ ಮಳೆಯ ಗರಿಷ್ಠಕ್ಕಿಂತ ಸುಮಾರು ಮೂರು ವಾರ ಹಿಂದೆ ಬಿದ್ದದ್ದು, ಮತ್ತು ಮೂರರಲ್ಲಿ ಒಂದು ಸುರಂಗದಲ್ಲಿ ಮಾತ್ರ ಆ ಅಂತರ ತೀರ ಕಡಿಮೆ ಇದ್ದದ್ದು ಆಕೆಯ ಮುಖ್ಯ ಫಲಿತಾಂಶಗಳು. ಎಲೆಕ್ಟ್ರಾನಿಕ್ಸ್ ಇಷ್ಟವಾದ್ದರಿಂದ ಟಾಂಕಿಯ ನೀರಿನ ಮಟ್ಟ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರನ್ನು ಆರ್ಡುಯಿನೊಗೆ ಜೋಡಿಸಿದಳು. ಜುಲೈಯ ಥಂಡಿಗೆ ಅದರ ಕಾಲುಗಳು ಕಿಲುಬು ಹಿಡಿದು, ಮುಂದೆ ಜೇಡ ಬಲೆ ಕಟ್ಟಿ, ಅಳತೆ ಕೆಟ್ಟಿತು. ಬಾಲ್ದಿಯ ಲೆಕ್ಕ ಇದ್ದುದರಿಂದಲೇ ಅದು ಕೆಟ್ಟದ್ದು ತಿಳಿಯಿತು. ಮೊದಲು ಕೈಯಿಂದ ಅಳೆಯಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇದೇ.

ಸಹಪಾಠಿಯೊಬ್ಬಳನ್ನು ಸೇರಿಸಿಕೊಂಡು ಈ ಕೆಲಸವನ್ನು ಶಾಸ್ತ್ರೋತ್ಸವದ ಸಂಶೋಧನಾ ಯೋಜನೆ ವಿಭಾಗಕ್ಕೆ ಒಯ್ದಳು. ಉಪಜಿಲ್ಲೆಯಿಂದ ಜಿಲ್ಲಾ ಮಟ್ಟಕ್ಕೆ ಹೋಯಿತು, ರಾಜ್ಯಮಟ್ಟಕ್ಕೆ ಹೋಗಲಿಲ್ಲ. ಹೀಗಾಗಿ ಗ್ರೇಸ್ ಮಾರ್ಕಿನ ಪ್ರಶ್ನೆ ಬರಲಿಲ್ಲ.

ಯಕ್ಷಗಾನ ಮತ್ತು ಸಮಯ

ತಾಯಿ ಯಕ್ಷಗಾನವನ್ನು ಬಿಡಿಸಬೇಕೆಂದಿದ್ದರು. ವಿಜ್ಞಾನದ ಹುಡುಗಿಗೆ ಅದು ಯಾತಕ್ಕೆ ಎಂಬುದು ಅವರ ಮಾತಾಗಿರಲಿಲ್ಲ, ರಾತ್ರಿ ನಿದ್ದೆ ಹಾಳು ಎಂಬುದು ಅವರ ಮಾತು. ಅದು ನ್ಯಾಯವಾದ ಮಾತೇ. ಆದರೆ ಆರನೆಯ ತರಗತಿಯಿಂದ ನಾಟ್ಯ ಕಲಿಯುತ್ತಿದ್ದವಳಿಗೆ ಅದು ಯಾರೂ ಹೇಳದೆ ತಾನಾಗಿ ಹೋಗುತ್ತಿದ್ದ ಏಕೈಕ ತರಗತಿ, ಮತ್ತು ಅರ್ಜಿ ಓದುವವರಿಗೂ ವಿಜ್ಞಾನಕ್ಕೆ ಹೊರತಾದ ಇಂಥದೊಂದು ದೀರ್ಘಕಾಲದ ಅಭ್ಯಾಸ ಬೇಡವಾದದ್ದೇನಲ್ಲ. ಆಟಗಳ ಕಾಲ ದೀಪಾವಳಿಯ ಆಸುಪಾಸಿನಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ. ನವೆಂಬರಿನ ಒಲಿಂಪಿಯಾಡ್ ಪರೀಕ್ಷೆ, ಜನವರಿ ಮತ್ತು ಏಪ್ರಿಲಿನ ಜೆಇಇ ಮೈನ್, ಮಾರ್ಚಿನ ಬೋರ್ಡ್ ಪರೀಕ್ಷೆ ಎಲ್ಲವೂ ಅದರೊಳಗೇ ಬೀಳುತ್ತವೆ. ಆದ್ದರಿಂದ ಮಳೆಗಾಲದಲ್ಲಿ ತರಗತಿ ಪೂರ್ತಿ, ನವರಾತ್ರಿಗೆ ಒಂದು ವೇಷ, ಪ್ಲಸ್ ಟುವಿನಲ್ಲಿ ನವೆಂಬರಿನಿಂದಾಚೆ ರಾತ್ರಿಯ ಆಟವಿಲ್ಲ ಎಂಬ ಒಪ್ಪಂದವಾಯಿತು. ಎನ್ನೆಸ್ಸೆಸ್ಸನ್ನೂ ಉಳಿಸಿದೆವು, ಅದರ ಏಳು ದಿನಗಳ ಶಿಬಿರ ಪ್ಲಸ್ ವನ್‌ನಲ್ಲೇ ಮುಗಿಯಿತು. ಖಾಸಗಿ ಒಲಿಂಪಿಯಾಡಿನ ಬದಲು ಐಎಪಿಟಿಯ ಭೌತಶಾಸ್ತ್ರ ಪರೀಕ್ಷೆ ಬರೆದಳು. ಆಯ್ಕೆಯಾಗಲಿಲ್ಲ, ಆದರೆ ಅದಕ್ಕೆಂದು ಬಿಡಿಸಿದ ಯಂತ್ರಶಾಸ್ತ್ರದ ಸಮಸ್ಯೆಗಳು ಜೆಇಇಗೂ ಐಎಟಿಗೂ ನೇರವಾಗಿ ಉಪಯೋಗವಾದವು.

ಅರ್ಜಿ ಮತ್ತು ಫಲ

ಪ್ಲಸ್ ಟುವಿನ ಅಕ್ಟೋಬರಿನಲ್ಲಿ ಚಿಕ್ಕಪ್ಪನ ಒತ್ತಾಯಕ್ಕೆ ಕಾಮನ್ ಆ್ಯಪ್‌ನ ಕರಡು ಸಿದ್ಧವಾಯಿತು. ಸುರಂಗದ ಕೆಲಸಕ್ಕೆ ಆಕೆ ಮೊದಲು ಬರೆದ ವಿವರಣೆ, ಇಂಗ್ಲಿಷಿನಲ್ಲಿ, ಹೆಚ್ಚುಕಡಿಮೆ ಹೀಗಿತ್ತು: ಜಲಸಂರಕ್ಷಣೆಯಲ್ಲಿ ಅಪಾರ ಆಸಕ್ತಿಯಿಂದ ನವೀನ ಸಂಶೋಧನೆ ನಡೆಸಿ ಸಮಾಜಕ್ಕೆ ಕೊಡುಗೆ ನೀಡಿದ್ದೇನೆ. ಇದನ್ನು ಯಾವ ಊರಿನ ಯಾವ ಹುಡುಗನೂ ಬರೆಯಬಹುದು. ಎರಡನೆಯ ಸಲ ಹೀಗೆ ಬರೆದಳು: ಮೂರು ಸುರಂಗಗಳ ಹರಿವನ್ನು 16 ತಿಂಗಳು ವಾರಕ್ಕೊಮ್ಮೆ ಅಳೆದೆ, ಅಜ್ಜನ 22 ವರ್ಷಗಳ ಮಳೆ ಲೆಕ್ಕದೊಂದಿಗೆ ಹೋಲಿಸಿದೆ, ಹರಿವು ಮಳೆಗಿಂತ ಮೂರು ವಾರ ತಡ. ವಿಶೇಷಣಗಳನ್ನು ತೆಗೆದ ಮೇಲೆ 150 ಅಕ್ಷರ ಧಾರಾಳವಾಯಿತು. ವಾರಕ್ಕೆ ಎಷ್ಟು ಗಂಟೆ ಎಂಬಲ್ಲಿ ‘ಎರಡು’ ಎಂದೇ ಬರೆಯಲು ಹೇಳಿದೆ, ಅದನ್ನು ಹತ್ತು ಮಾಡುವ ಆಸೆ ಮನೆಯಲ್ಲಿ ಯಾರಿಗೋ ಇತ್ತು.

ಅಮೆರಿಕದ ಅರ್ಜಿಯನ್ನು ಕೊನೆಗೆ ಸಲ್ಲಿಸಲಿಲ್ಲ. ನೆರವು ಸಿಗದಿದ್ದರೆ ತೋಟ ಅಡವಿಡಬೇಕಾಗುತ್ತದೆ ಎಂದು ಅಜ್ಜ ಹೇಳಿದ ಮೇಲೆ ಆ ಮಾತು ನಿಂತಿತು. ಆದರೆ ಆ ಕರಡು ವ್ಯರ್ಥವಾಗಲಿಲ್ಲ, ದೇಶದೊಳಗಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಅರ್ಜಿಗೆ ಅದನ್ನೇ ಹಿಗ್ಗಿಸಿ ಬರೆದಳು. ಅಲ್ಲಿಯ ಸಂದರ್ಶನದ ಹೆಚ್ಚಿನ ಹೊತ್ತು ಮೂರನೆಯ ಸುರಂಗದ ಬಗ್ಗೆಯೇ ಹೋಯಿತು: ಅದರಲ್ಲಿ ಮಾತ್ರ ಮಳೆ ಬಂದ ಕೆಲವೇ ದಿನಗಳಲ್ಲಿ ಹರಿವು ಏರುವುದೇಕೆ? ಮೇಲಿನ ಗುಡ್ಡವನ್ನು ಮುರಕಲ್ಲಿನ ಪಣೆಗೆಂದು (ಕಲ್ಲುಕೋರೆಗೆಂದು) ಕಡಿದಿರುವುದರಿಂದ ಇಂಗುವ ಪದರ ತೆಳುವಾಗಿರಬಹುದು ಎಂಬುದು ತನ್ನ ಊಹೆಯೆಂದೂ, ಅದನ್ನು ಪರೀಕ್ಷಿಸಿಲ್ಲವೆಂದೂ ಆಕೆ ಹೇಳಿದಳಂತೆ. ಭಾಗಶಃ ವಿದ್ಯಾರ್ಥಿವೇತನದೊಂದಿಗೆ ಸೀಟು ಬಂತು. ಜೂನ್ ವೇಳೆಗೆ ಐಎಟಿ ರ್‍ಯಾಂಕಿನ ಮೇಲೆ ಐಸರ್ ಒಂದರಲ್ಲೂ ಸೀಟು ಸಿಕ್ಕಿತು, ಅಲ್ಲಿ ಸುರಂಗದ ವಿಷಯ ಯಾರೂ ಕೇಳಿರಲಿಲ್ಲ. ಶುಲ್ಕ ಕಡಿಮೆ ಎಂಬ ಕಾರಣಕ್ಕೂ, ಮೊದಲ ವರ್ಷಗಳಲ್ಲಿ ಎಲ್ಲ ವಿಜ್ಞಾನಗಳನ್ನೂ ಓದಬಹುದೆಂಬ ಕಾರಣಕ್ಕೂ ಆಕೆ ಐಸರನ್ನೇ ಆರಿಸಿಕೊಂಡಳು.

ಹೊರಡುವ ಮೊದಲು ತಂದೆ ಒಬ್ಬರೇ ಬಂದು ಒಂದು ಪ್ರಶ್ನೆ ಕೇಳಿದರು: “ಮಾಷ್ಟ್ರೇ, ಆ ಶನಿವಾರಗಳನ್ನೂ ಕಲಿಕೆಗೇ ಕೊಟ್ಟಿದ್ದರೆ ಜೆಇಇಯಲ್ಲಿ ಎನ್‌ಐಟಿ ಸಿಗುತ್ತಿತ್ತೋ ಏನೋ?” ಆಕೆಯ ಮಾದರಿ ಪರೀಕ್ಷೆಗಳ ಅಂಕಪಟ್ಟಿ ನನ್ನಲ್ಲಿತ್ತು. ಎರಡು ವರ್ಷವೂ ಕೈಕೊಟ್ಟದ್ದು ಸಾವಯವ ರಸಾಯನಶಾಸ್ತ್ರ, ಅದರ ತರಗತಿಗಳು ಶಾಲೆಯಲ್ಲಿ ಸರಿಯಾಗಿ ನಡೆದಿರಲಿಲ್ಲ. ವಾರಕ್ಕೆ ಎರಡು ಗಂಟೆಯ ಓದು ಆ ಕೊರತೆಯನ್ನು ಎಷ್ಟು ತುಂಬುತ್ತಿತ್ತೆಂದು ಪಟ್ಟಿ ನೋಡಿ ಹೇಳಲು ಬರುವಂತಿರಲಿಲ್ಲ. ಪಟ್ಟಿಯನ್ನು ಅವರಿಗೇ ತೋರಿಸಿ ಅಷ್ಟನ್ನೇ ಹೇಳಿದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಒಂಬತ್ತನೆಯ ತರಗತಿಯಲ್ಲಿರುವ ಮಗನಿಗೆ ಸಾವಯವ ರಸಾಯನಶಾಸ್ತ್ರಕ್ಕೆ ಈಗಲೇ ಯಾರಾದರೂ ಟ್ಯೂಷನ್ ಕೊಡುವವರಿದ್ದಾರೆಯೇ ಎಂದು ವಿಚಾರಿಸಿದರು. ಪ್ಲಸ್ ವನ್‌ವರೆಗೆ ಅದರ ಅಗತ್ಯವಿಲ್ಲವೆಂದು ಹೇಳಿ, ಪಕ್ಕದ ಪೇಟೆಯ ನಿವೃತ್ತ ಟೀಚರೊಬ್ಬರ ನಂಬರು ಕೊಟ್ಟೆ.